ಒಂದು ಫೂಟಿನ ಲಾಭ

ಗೋಕಾಕದ ನಮ್ಮ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು ಜನ್ಮದಲ್ಲಿ ಚೆಂಡು ಹಿಡಿದವರಲ್ಲ. ಅವರದು ಸಿಮೆಂಟು, ಕಬ್ಬಿಣದ ಅಂಗಡಿ. ಅಂಕಣಕ್ಕೆ ಕಾಂಕ್ರೀಟು ಹಾಕಿಸಿಕೊಟ್ಟಿದ್ದಕ್ಕೆ ಅಧ್ಯಕ್ಷಗಿರಿ ಬಂದಿತ್ತು. ಅದರ ಜೊತೆಗೇ ಆಟದ ಜ್ಞಾನವೂ ಬಂತೆಂದು ಅವರು ತಿಳಿದಿದ್ದರು. ಪಂದ್ಯದ ದಿನ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು, ರೆಫ್ರಿ ನಮ್ಮ ಮೇಲೆಯೇ ಫೌಲ್ ಸೀಟಿ ಊದಿದಾಗಲೂ ಚಪ್ಪಾಳೆ ತಟ್ಟುತ್ತಿದ್ದರು. ಸೀಟಿ ಊದಿದರೆಂದ ಮೇಲೆ ಏನೋ ಒಳ್ಳೆಯದಾಗಿರಬೇಕು ಎಂಬ ನಂಬಿಕೆ. ಇಂಥವರ ಕೈಯಲ್ಲಿ ಒಂದು ತಂಡದ ಮುಂದಿನ ಇಷ್ಟೂ ವರ್ಷಗಳಿದ್ದವು. ಅವರು ಅವನ್ನು ಒಂದು ಕಪ್ ಚಹಾ ಆರುವುದರೊಳಗೆ ಕೊಟ್ಟು ಕೈತೊಳೆದುಕೊಂಡರು.

ನಾನಾಗ ಮಹಿಳಾ ತಂಡದ ನಾಯಕಿ. ಹಗಲು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್, ಸಂಜೆ ಆಟ. ‘ಕೋರ್ಟಿಗೆ ಹೋಗಿ ಬರ್ತೇನಿ’ ಎಂದರೆ ‘ಯಾವ ಕೋರ್ಟಿಗೆ?’ ಎಂದು ನಮ್ಮವ್ವ ಕೇಳುತ್ತಿದ್ದಳು. ಹೆಸರಿಗಷ್ಟೇ ನಾಯಕಿ, ಆಟ ನಡೆಸುತ್ತಿದ್ದವಳು ಬೇರೆ. ಅವಳು ಮಹಾರಾಷ್ಟ್ರದ ಗಡಿಗೆ ಹತ್ತಿರದ ಕಣಗಲಾ ಎಂಬ ಊರಿನ ಜೈನ ರೈತ ಮನೆತನದ ಹುಡುಗಿ, ನನ್ನದೇ ವಯಸ್ಸು. ಡಿಗ್ರಿ ಓದಲು ಬಂದು ಗೋಕಾಕದಲ್ಲಿ ಸೋದರಮಾವನ ಮನೆಯಲ್ಲಿ ಉಳಿದವಳು, ಡಿಗ್ರಿ ಮುಗಿದ ಮೇಲೂ ಆಟಕ್ಕಾಗಿಯೇ ಉಳಿದುಬಿಟ್ಟಿದ್ದಳು. ಗಿಡ್ಡಿ. ತಾನಾಗಿ ಬುಟ್ಟಿಗೆ ಚೆಂಡು ಹಾಕುತ್ತಿದ್ದುದು ಕಡಿಮೆ. ಆದರೆ ನಾವು ಓಡುತ್ತ ಕೈ ಚಾಚುವ ಹೊತ್ತಿಗೆ ಚೆಂಡು ಅಲ್ಲಿ ಬಂದಿರುತ್ತಿತ್ತು. ಹಾಕಿದವರಿಗೆ ಹೆಸರು, ಕೊಟ್ಟವಳನ್ನು ಯಾರೂ ನೋಡುತ್ತಿರಲಿಲ್ಲ. ನಾವು ತಪ್ಪಿದರೆ ಮಾತ್ರ ಅವಳಿಗೆ ತಡೆಯಲಾಗುತ್ತಿರಲಿಲ್ಲ. ‘ಅಗ, ಬಘ ನಾ!’, ಏ ನೋಡಬಾರದೇನ, ಎಂದು ಮರಾಠಿಯಲ್ಲಿ ಒದರುತ್ತಿದ್ದಳು, ನಾಯಕಿ ಎಂದು ನೋಡದೆ ನನಗೂ.

ಅವಳ ಇನ್ನೊಂದು ಕೆಲಸವೂ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ದಿನಾ ಬೆಳಗ್ಗೆ ಶಾಲೆಗೆ ಮೊದಲು ಹತ್ತು ಹನ್ನೆರಡು ಹುಡುಗಿಯರಿಗೆ ಆಟ ಕಲಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವರಲ್ಲಿ ಇಬ್ಬರು ಅಕ್ಕತಂಗಿಯರು, ಹುಕ್ಕೇರಿ ರಸ್ತೆಯ ಒಂದು ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರು. ಚೆಂಡು ಎದೆಗೆ ಬಡಿದರೆ ಹಿಂದಕ್ಕೆ ಬೀಳುವಷ್ಟು ಸಣ್ಣವರು.

ಆ ವರ್ಷ ಮೂಡಲಗಿಯಲ್ಲಿ ದೊಡ್ಡ ಪಂದ್ಯಾವಳಿ ಎಂದು ಸುದ್ದಿಯಾಯಿತು. ನಮ್ಮ ಅಧ್ಯಕ್ಷರಿಗೆ ಕಪ್ ಗೆಲ್ಲುವ ಹುಚ್ಚು ಹಿಡಿಯಿತು. ಹುಕ್ಕೇರಿಯ ಕ್ಲಬ್ಬಿನಲ್ಲಿ ಆರು ಅಡಿಯ ಆಟಗಾರ್ತಿಯೊಬ್ಬಳಿದ್ದಳು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಬಂದವಳು, ಮನೆ ಮೂಡಲಗಿಯಲ್ಲಿ. ಅವಳಿಗೂ ಹುಕ್ಕೇರಿಗಿಂತ ಗೋಕಾಕವೇ ಹತ್ತಿರ. ಆದರೆ ಒಂದು ಕ್ಲಬ್ಬಿಗೆ ಹೆಸರು ಹಚ್ಚಿದವರು ಇನ್ನೊಂದಕ್ಕೆ ಆಡಬೇಕಾದರೆ ಮೊದಲಿನವರು ಒಪ್ಪಿಗೆ ಪತ್ರ ಕೊಡಬೇಕು. ಹುಕ್ಕೇರಿಯವರು ಸುಮ್ಮನೆ ಕೊಡುತ್ತಾರೆಯೇ? ಬದಲಿಗೆ ನಮ್ಮ ಕಣಗಲಾದ ಹುಡುಗಿಯನ್ನು ಕೇಳಿದರು.

ಮಾತುಕತೆ ಅಧ್ಯಕ್ಷರ ಅಂಗಡಿಯಲ್ಲಿ ನಡೆಯಿತು. ನಾಯಕಿ ಎಂದು ನನ್ನನ್ನೂ ಕರೆದು ಸ್ಟೂಲಿನ ಮೇಲೆ ಕೂಡ್ರಿಸಿದ್ದರು. ಹುಕ್ಕೇರಿಯಿಂದ ಬಂದವರು ಅಲ್ಲಿಯ ಕೋಚ್, ನಿವೃತ್ತಿ ಹತ್ತಿರವಾದ ದೈಹಿಕ ಶಿಕ್ಷಕರು. ಮಾತು ಕಡಿಮೆ, ಚಹಾ ಕೂಡ ಬೇಡವೆಂದರು.

ಅಧ್ಯಕ್ಷರು ನಮ್ಮ ಕಮಿಟಿಯವರ ಕಡೆ ತಿರುಗಿ ತೊಡೆ ತಟ್ಟಿದರು. “ಐದ ಫೂಟಿನಾಕಿನ್ನ ಕೊಟ್ಟ ಆರ ಫೂಟಿನಾಕಿನ್ನ ತಗೊಳ್ಳಾಕತ್ತೇವಿ. ಒಂದ ಫೂಟ ಲಾಭ! ಇನ್ನೇನ ಬೇಕ್ರಿ?”

ಕಮಿಟಿಯವರು ನಕ್ಕರು. ಸರಿಯಾದ ಉತ್ತರವೆಂದರೆ ಅದೊಂದೇ ಎಂದು ಅವರಿಗೆ ಅಭ್ಯಾಸವಾಗಿತ್ತು.

ಕೋಚ್ ಮೆಲ್ಲಗೆ ಹೇಳಿದರು: “ಇನ್ನೊಂದ ಮಾತ ಐತ್ರಿ. ಮುಂಜಾನಿ ಪ್ರಾಕ್ಟೀಸಿಗೆ ಬರ್ತಾರಲ್ರಿ, ಆ ಅಕ್ಕತಂಗಿ, ಅವ್ರ ಹೆಸರೂ ನಮ್ಮ ಕ್ಲಬ್ಬಿಗೆ ಬಿಟ್ಟ ಕೊಡ್ರಿ. ಅವ್ರ ಅಪ್ಪಗ ಕೇಳೇನಿ, ಹೂಂ ಅಂದಾನ.”

“ಯಾರ? ಆ ಸಣ್ಣಾವು?” ಅಧ್ಯಕ್ಷರು ನನ್ನ ಕಡೆ ನೋಡಿದರು. ಅಂಥ ಇಬ್ಬರಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ. “ಒಯ್ರಿ, ಒಯ್ರಿ. ಬಾಲ್ ಎತ್ತಾಕ ಬರೂದಿಲ್ಲ ಇನ್ನ ಅವಕ್ಕ.”

ನಾನು ಅಲ್ಲಿ ಬಾಯಿ ತೆರೆಯಬೇಕಿತ್ತು. ಹುಕ್ಕೇರಿಯ ಕೋಚು ಹುಡುಗಿಯರ ಅಪ್ಪನ ಹೊಲದವರೆಗೆ ಹೋಗಿ ಬಂದಿದ್ದಾರೆ, ನಾವು ಆ ಅಪ್ಪನ ಮುಖ ನೋಡಿಲ್ಲ. ಇದರ ಅರ್ಥ ಏನೆಂದು ನನಗೆ ಆ ಕ್ಷಣವೇ ತಿಳಿದಿತ್ತು. ಆದರೆ ನನಗೂ ಕಪ್ಪು ಬೇಕಾಗಿತ್ತು. ಇನ್ನೂ ಕೀಳಾದ ಕಾರಣವೂ ಇತ್ತು: ಎಲ್ಲರೆದುರು ನನಗೆ ಒದರುವವಳು ಹೋಗುತ್ತಾಳೆಂದು ಒಳಗೊಳಗೇ ಹಗುರವಾಗಿತ್ತು. “ನಾಯಕಿ ಏನಂತಿ?” ಎಂದು ಅಧ್ಯಕ್ಷರು ಕೇಳಿದಾಗ “ನೀವ ಹೇಳಿದಂಗ್ರಿ, ಕಾಕಾ” ಎಂದೆ.

ಅವಳಿಗೆ ಸುದ್ದಿ ತಿಳಿಸುವ ಕೆಲಸವನ್ನೂ ನನಗೇ ವಹಿಸಿದರು. ದೊಡ್ಡವರು ಕೊಡುವ ಕೊಳ್ಳುವ ಮಾತಾಡುತ್ತಾರೆ, ಮುಖಕ್ಕೆ ಹೇಳಲು ಇನ್ನೊಬ್ಬರು ಬೇಕು. ಸಂಜೆ ಅವಳು ಬೂಟಿನ ಲೇಸು ಕಟ್ಟುತ್ತ ಕೂತಿದ್ದಳು. ಹೇಳಿದೆ. ಲೇಸು ಪೂರ್ತಿ ಕಟ್ಟಿ ಮುಗಿಸಿ ತಲೆಯೆತ್ತಿದಳು.

“ಬದಲಿ ಯಾರ ಬರಾಕತ್ತಾರ?”

ಹೇಳಿದೆ.

“ಚಲೋ ಆಡ್ತಾಳ ಆಕಿ,” ಎಂದಳು. “ಖರೆ, ಆಕಿ ಕೈಗೆ ಬಾಲ್ ಮುಟ್ಟಸಾವ್ರ ಯಾರವಾ ಇಲ್ಲೆ?”

ನಾನು ಅದನ್ನು ಜಂಬದ ಮಾತೆಂದುಕೊಂಡೆ.

ಮರುವಾರ ಎತ್ತರದ ಹುಡುಗಿ ಬಂದಳು. ಅವಳ ಬಗ್ಗೆ ನನ್ನಲ್ಲಿ ಒಂದೂ ಕೆಟ್ಟ ಮಾತಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು, ಮೈಮುರಿದು ಆಡುತ್ತಿದ್ದಳು. ಮೂಡಲಗಿಯ ಪಂದ್ಯಾವಳಿಯಲ್ಲಿ ಅವಳ ಊರಿನವರೇ ಸುತ್ತ ನಿಂತು ಕೂಗುತ್ತಿರುವಾಗ, ನಾವು ಹೇಗೋ ಎಸೆದ ಚೆಂಡುಗಳನ್ನೆಲ್ಲ ಮೇಲಿನಿಂದಲೇ ಹಿಡಿದು ಹಾಕಿದಳು. ಕಪ್ಪು ಬಂತು. ಗೋಕಾಕದಲ್ಲಿ ತೆರೆದ ಜೀಪಿನ ಮೆರವಣಿಗೆ. ಜೀಪಿನಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಮತ್ತು ಕಪ್ಪು. ಆಡಿದ ನಾವು ಹಿಂದೆ ನಡೆದು ಹೋದೆವು. ನಾನು ಅಂದು ಬಹಳ ಖುಷಿಯಾಗಿದ್ದೆ ಎಂಬುದನ್ನೂ ಹೇಳಬೇಕು.

ಮುಂದಿನ ಹಂಗಾಮು ಶುರುವಾಗುವ ಮೊದಲೇ ಎತ್ತರದ ಹುಡುಗಿಗೆ ಕ್ರೀಡಾ ಕೋಟಾದಲ್ಲಿ ದೂರದ ಊರಲ್ಲಿ ನೌಕರಿ ಆದೇಶ ಬಂತು. ಅಧ್ಯಕ್ಷರು ಮೋಸವಾಯಿತೆಂದು ಹಾರಾಡಿದರು. ಅವಳು ಪೇಢಾ ಡಬ್ಬಿ ಹಿಡಿದು ಬಂದವಳು ಪಾಪ ಗಾಬರಿಯಾದಳು. “ಅರ್ಜಿ ಹಾಕಿ ವರ್ಷ ಆಗಿತ್ರಿ. ಹುಕ್ಕೇರಿ ಸರ್‌ಗೆ ಗೊತ್ತಿತ್ತ. ನೀವ ಕೇಳಲಿಲ್ರಿ,” ಎಂದಳು. ಖರೆ. ಅವಳ ಎತ್ತರ ಬಿಟ್ಟು ಬೇರೆ ಏನನ್ನೂ ನಾವು ಕೇಳಿರಲಿಲ್ಲ.

ಆಮೇಲೆ ತಂಡ ಒಂದೇ ದಿನ ಬಿದ್ದಿತೆಂದಲ್ಲ, ಹಳೆಯ ಗೋಡೆಯ ಗಿಲಾವಿನಂತೆ ಉದುರಿತು. ಬೆಳಗಿನ ಹುಡುಗಿಯರಿಗೆ ಕಲಿಸುವವರಿಲ್ಲ. ಕೆಲವು ದಿನ ತಾವೇ ಬಂದು ಚೆಂಡು ಕುಟ್ಟಿ ಹೋದರು, ಆಮೇಲೆ ಬರುವುದನ್ನು ಬಿಟ್ಟರು. ನಮ್ಮ ವಯಸ್ಸಿನವರು ಒಬ್ಬೊಬ್ಬರಾಗಿ ಮದುವೆ, ಬಿಎಡ್ಡು, ಬಾಣಂತನ ಎಂದು ಕಳಚಿಕೊಂಡರು. ಎಲ್ಲ ಊರಿನ ತಂಡಗಳಲ್ಲೂ ಹೀಗೇ ಆಗುತ್ತದೆ, ಆದರೆ ಅಲ್ಲಿ ಹಿಂದಿನಿಂದ ಬರುವವರಿರುತ್ತಾರೆ. ನಮ್ಮ ಹಿಂದೆ ಯಾರೂ ಇರಲಿಲ್ಲ. ಅಂಕಣದಲ್ಲಿ ಪಕ್ಕದ ಕಲ್ಯಾಣ ಮಂಟಪದ ಮದುವೆಗೆ ಬಂದವರ ಕಾರುಗಳು ನಿಲ್ಲತೊಡಗಿದವು. ಅಷ್ಟೊತ್ತಿಗೆ ನಾನೂ ಸೇರಿದ್ದ ಕಮಿಟಿಯ ಸಭೆಯಲ್ಲಿ ಕಾರಣ ಕೇಳಿದರೆ ಅಧ್ಯಕ್ಷರು “ಕೊರೋನಾ ಬಂತಲ್ರಿ” ಎನ್ನುತ್ತಿದ್ದರು. ಕೊರೋನಾ ಹುಕ್ಕೇರಿಗೂ ಬಂದಿತ್ತು.

ಅಲ್ಲಿಯ ಕಥೆ ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ. ಲೀಗಿನ ಪಂದ್ಯಕ್ಕೆ ಹುಕ್ಕೇರಿಗೆ ಹೋಗಬೇಕಾಯಿತು. ಐದು ಜನ ಕೂಡಿಸಲು ನನ್ನ ಮಗಳನ್ನು ಅವ್ವನ ಹತ್ತಿರ ಬಿಟ್ಟು ನಾನೇ ಮತ್ತೆ ಬೂಟು ಹಾಕಿದ್ದೆ. ಸಂತೆಯ ದಿನ, ಬಸ್ಸಿನಲ್ಲಿ ಕಾಯಿಪಲ್ಲೆ ಬುಟ್ಟಿಗಳ ನಡುವೆ ನಿಂತು ಹೋದೆವು. ಅವರ ಕಡೆ ಹದಿನೈದು ಹುಡುಗಿಯರು ಸಾಲಾಗಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಬದಿಯಲ್ಲಿ, ಕುತ್ತಿಗೆಗೆ ಸೀಟಿ ಹಾಕಿಕೊಂಡು, ಕಣಗಲಾದವಳು ನಿಂತಿದ್ದಳು. ಹಳೆಯ ಕೋಚು ನಿವೃತ್ತರಾಗಿ ಎಲ್ಲವನ್ನೂ ಅವಳಿಗೇ ಒಪ್ಪಿಸಿದ್ದರು.

ಪಂದ್ಯ ಎನ್ನುವುದಕ್ಕೂ ನಾಚಿಕೆ. ಅಕ್ಕತಂಗಿಯರಲ್ಲಿ ಸಣ್ಣವಳು ನನ್ನ ಕೈಯಿಂದ ಚೆಂಡನ್ನು ಎಷ್ಟು ಸಲ ಕಸಿದಳೆಂದರೆ, ಕೊನೆಕೊನೆಗೆ ನನಗೆ ಚೆಂಡು ಬಂದರೆ ಭಯವಾಗುತ್ತಿತ್ತು. ದೊಡ್ಡವಳು ನನ್ನನ್ನು ದಾಟಿ ಹೋಗುವಾಗ “ಸಾರಿ ಅಕ್ಕಾ” ಎನ್ನುತ್ತಿದ್ದಳು.

ಪಂದ್ಯ ಮುಗಿದ ಮೇಲೆ ಕಣಗಲಾದವಳು ಬಾಳೆಹಣ್ಣು ಹಿಡಿದು ಬಂದು ನನ್ನ ಬಾಜೂ ಕೂತಳು. ಏನಾದರೂ ಅನ್ನಬೇಕಲ್ಲ ಎಂದು ನಾನು ಅಧ್ಯಕ್ಷರನ್ನು ಬೈಯತೊಡಗಿದೆ. ಆ ಮನುಷ್ಯನಿಗೆ ಸಿಮೆಂಟು ಬಿಟ್ಟರೆ ಬೇರೆ ತಿಳಿಯದು, ನಿನ್ನನ್ನು ಕಳೆದುಕೊಂಡು ಹಾಳಾದೆವು, ಹೀಗೆ. ಅವಳು ಸಿಪ್ಪೆ ಸುಲಿಯುತ್ತ ಕೇಳಿಸಿಕೊಂಡಳು.

“ಅವ್ರಿಗ್ಯಾಕ ಬೈತಿ? ಅವ್ರಿಗೆ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತ. ಆವತ್ತ ಯಾಕ ಸುಮ್ನ ಕುಂತಿ?”

“ಕಪ್ ಬೇಕಾಗಿತ್ತ,” ಎಂದೆ. ಇನ್ನೊಂದು ಕಾರಣವನ್ನು ಮುಚ್ಚಿಟ್ಟೆ.

“ಹೂಂ,” ಎಂದಳು. “ನೀ ಬಂದ ಹೇಳೂಕಿಂತ ಮೊದ್ಲ ಸರ್ ನನ್ನ ಕೇಳಿದ್ರ. ಆ ಹುಡಿಗ್ಯಾರನ್ನ ನಾನ ಬೇಡಿದ್ದೆ. ಅವ್ರ ಬಂದ್ರ ಅಷ್ಟ ಬರ್ತೇನಿ ಅಂತ ಸರ್‌ಗೆ ಹೇಳಿದ್ದೆ.” ಅಷ್ಟು ಹೇಳಿ ಎದ್ದು, ಮೈ ತಣಿಸಿಕೊಳ್ಳದೆ ಕೂತ ಒಬ್ಬ ಹುಡುಗಿಗೆ ಬೈಯುತ್ತ ಹೋದಳು.

ಇಷ್ಟು ವರ್ಷ ಅಧ್ಯಕ್ಷರ ಮೇಲೆ ಸಾಕಿಕೊಂಡಿದ್ದ ತಿರಸ್ಕಾರ ನನಗೆ ಒಳ್ಳೆಯ ಹೊದಿಕೆಯಾಗಿತ್ತು. ಅವಳು ಅದನ್ನು ಎಳೆದುಬಿಟ್ಟಿದ್ದಳು.

ಆದರೂ ಅಧ್ಯಕ್ಷರು ನನ್ನನ್ನು ನಿರಾಶೆಗೊಳಿಸುವವರಲ್ಲ. ಕಳೆದ ವರ್ಷ ಆ ಅಕ್ಕತಂಗಿಯರಲ್ಲಿ ದೊಡ್ಡವಳು ರಾಜ್ಯ ತಂಡಕ್ಕೆ ಆಯ್ಕೆಯಾದಳು. ಎರಡೇ ದಿನಕ್ಕೆ ಗೋಕಾಕದ ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು: ‘ನಮ್ಮ ಕ್ಲಬ್ಬಿನ ಹೆಮ್ಮೆಯ ಕುಡಿ.’ ಆಳೆತ್ತರದ ಅಧ್ಯಕ್ಷರು ಕೈಮುಗಿದು ನಿಂತಿದ್ದಾರೆ. ಕುಡಿ ಕೆಳಗೆ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ಸತ್ಕಾರ ಸಮಾರಂಭಕ್ಕೆ ಹುಡುಗಿಯನ್ನೂ ಅವಳ ಅಪ್ಪನನ್ನೂ ಕರೆಸಿದರು. ಕಣಗಲಾದವಳಿಗೆ ಹೇಳಿಕಳಿಸಲಿಲ್ಲ. ಅಧ್ಯಕ್ಷರು ತಮ್ಮ ದೂರದೃಷ್ಟಿಯ ಬಗ್ಗೆ ಅರ್ಧ ಗಂಟೆ ಮಾತಾಡಿ, ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನನ್ನು ಎರಡು ಮಾತಾಡಲು ಎಬ್ಬಿಸಿದರು. ಕಬ್ಬಿನ ಹೊಲದ ಮನುಷ್ಯ, ಮೈಕು ಹಿಡಿದು ಗೊತ್ತಿಲ್ಲ.

“ನೀವ ಆವತ್ತ ನನ್ನ ಮಕ್ಕಳನ್ನ ಬಿಟ್ಟ ಕೊಟ್ಟದ್ದಕ್ಕ ಬಾಳ ಉಪಕಾರ ಆತ್ರಿ,” ಎಂದ. ಅವನ ಮಾತಿನಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. “ಇಲ್ಲೇ ಇದ್ದಿದ್ರ ಹಿಂಗ ಆಗತಿರಲಿಲ್ರಿ.”

ಅಧ್ಯಕ್ಷರು ತಲೆದೂಗಿದರು. ಹೊಗಳಿದನೆಂದೇ ತಿಳಿದರು.

ಮರುದಿನ ನಾನು ಕಮಿಟಿಗೆ ರಾಜೀನಾಮೆ ಕೊಟ್ಟೆ. ಕಾರಣದ ಜಾಗದಲ್ಲಿ ಉದ್ದುದ್ದ ಬರೆದಿದ್ದೆ. ಯಾರೂ ಓದಲಿಲ್ಲ, ಮಂಜೂರು ಮಾಡಿದರು. ಈ ಬೇಸಿಗೆಯಿಂದ ಭಾನುವಾರಗಳಂದು ಹುಕ್ಕೇರಿಗೆ ಹೋಗಿ ಸಣ್ಣವರಿಗೆ ಹೇಗೆ ಕಲಿಸಬೇಕೆಂದು ಕಣಗಲಾದವಳ ಹತ್ತಿರ ಕಲಿಯುತ್ತಿದ್ದೇನೆ. ಉಳಿದ ದಿನ ಬೆಳಗ್ಗೆ, ಕಾರುಗಳು ಬರುವ ಮೊದಲು, ಗೋಕಾಕದ ಅಂಕಣಕ್ಕೆ ಒಂಬತ್ತು ಹುಡುಗಿಯರು ಬರುತ್ತಾರೆ. ಒಂಬತ್ತೂ ಜನರ ಮನೆಗೆ ಹೋಗಿ ಬಂದಿದ್ದೇನೆ. ಅವರು ಇನ್ನೂ ಯಾವ ಪಂದ್ಯವನ್ನೂ ಗೆದ್ದಿಲ್ಲ, ಆಡಿಯೇ ಇಲ್ಲ. ನೇರವಾಗಿ ಎಸೆಯುವುದನ್ನು ಕಲಿಯಲು ಇನ್ನೂ ಒಂದು ವರ್ಷ ಬೇಕೆಂದು ಅವಳು ಹೇಳಿದ್ದಾಳೆ.