ಮುಚ್ಚಳ ಕೂರದ ಸೀರೆ ಪೆಟ್ಟಿಗೆ

ಹಳೆಯ ಡೈರಿಗಳನ್ನು ನಾನು ರಟ್ಟಿನ ಸೀರೆ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದೇನೆ. ಅದರ ಮುಚ್ಚಳದ ಮೂಲೆ ಬಿರಿದಿದೆ. ಎಷ್ಟು ಒತ್ತಿದರೂ ಮೇಲೇಳುತ್ತದೆ. ಕಳೆದ ಭಾನುವಾರ ಅದನ್ನು ಒತ್ತುತ್ತಿದ್ದಾಗ ಪ್ರೆಸ್ಸಿನ ಅಕ್ಕ ನೆನಪಾದಳು... ಆಮೇಲೆ ಕೈ ಯಾವ ಕೆಲಸಕ್ಕೂ ಹೋಗಲಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯಲ್ಲಿ ಗುಮಾಸ್ತ. ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವಳದು ಚಳ್ಳಕೆರೆಯಲ್ಲಿ ಕಾಲಲ್ಲಿ ತುಳಿಯುವ ಒಂದು ಅಚ್ಚಿನ ಯಂತ್ರ. ಊರಿಗೆ ಆಫ್‌ಸೆಟ್ ಮುದ್ರಣ ಬಂದ ಮೇಲೆ ಲಗ್ನಪತ್ರಿಕೆಗಳೆಲ್ಲ ಅತ್ತ ಹೋದವು. ಅವಳ ತಮ್ಮನಿಗೆ ಯಂತ್ರವನ್ನು ಗುಜರಿಗೆ ಹಾಕುವ ಆತುರ. ಅಕ್ಕ ಬಿಡಲಿಲ್ಲ. ಮಸಿಯ ರೋಲರುಗಳನ್ನು ಬಿಚ್ಚಿಟ್ಟಳು. ಅಕ್ಷರದ ಮೊಳೆಗಳು ಕೂರುತ್ತಿದ್ದ ಚೌಕಟ್ಟಿನಲ್ಲಿ ಹಲಗೆ ಕೂರಿಸಿ, ಪೆಟ್ಟಿಗೆಯ ಆಕಾರಕ್ಕೆ ಬಗ್ಗಿಸಿದ ಬ್ಲೇಡಿನ ಪಟ್ಟಿಗಳನ್ನು ಅದರಲ್ಲಿ ನೆಟ್ಟಳು. ಕತ್ತರಿಸಿದ ರಟ್ಟು ಬ್ಲೇಡಿಗೇ ಕಚ್ಚಿಕೊಂಡಾಗ ತನ್ನ ಹವಾಯಿ ಚಪ್ಪಲಿಯನ್ನು ತುಂಡರಿಸಿ ಪಕ್ಕದಲ್ಲಿ ಅಂಟಿಸಿದಳು. ರಬ್ಬರು ರಟ್ಟನ್ನು ಹೊರಕ್ಕೆ ಚಿಮ್ಮಿಸಿತು.

“ಅಚ್ಚು ಹಾಕೋ ಮಷೀನ್ ಕೈಲಿ ರಟ್ಟು ಕಡಿಸ್ತೀಯಲ್ಲ, ಎತ್ತಿನ ಹತ್ರ ಹಾಲು ಕರೀತೀಯಾ?” ತಮ್ಮ ಅಣಕಿಸಿದ.

“ಕರೆದ್ರೆ ನೀನೇ ಮೊದ್ಲು ಲೋಟ ಹಿಡ್ಕೊಂಡು ಬರ್ತೀಯ, ಸುಮ್ನಿರೋ.”

ನಮ್ಮ ಅಂಗಡಿ ಇನ್ನೂರು ಪೆಟ್ಟಿಗೆ ಕೇಳಿತ್ತು. ಅವು ಸರಿಬರದಿದ್ದರೆ ಸೋಮವಾರ ಗುಜರಿಯವನನ್ನು ಕರೆಸುವುದೆಂದು ಅಕ್ಕ-ತಮ್ಮನ ನಡುವೆ ಮಾತಾಗಿತ್ತು. ಪೆಟ್ಟಿಗೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟವನು ನಾನು.

ಗುರುವಾರ ಪ್ರೆಸ್ಸಿನಲ್ಲೇ ಮೊದಲ ಪೆಟ್ಟಿಗೆಯಲ್ಲಿ ಸೀರೆ ಇಟ್ಟೆವು. ಮುಚ್ಚಳ ಕೂರಲಿಲ್ಲ. ಒತ್ತಿದರೆ ಮೂಲೆ ಬಿರಿಯಿತು. ಎರಡನೆಯದು, ಮೂರನೆಯದು... ಹನ್ನೊಂದು. ನಾನು ಸಣ್ಣ ಅಂಚಿನ ಸೀರೆಯನ್ನು ಅಳೆದಿದ್ದೆ. ದೊಡ್ಡ ಜರಿ ಅಂಚಿನದನ್ನು ಮಡಿಸಿದರೆ ಅಂಚಿನ ಮೇಲೆ ಅಂಚು ಬಿದ್ದು ಒಂದು ಬದಿ ಉಬ್ಬುತ್ತದೆ. ದಿನಾ ಸೀರೆ ಮಡಿಸುವ ನನಗೇ ಅದು ಹೊಳೆದಿರಲಿಲ್ಲ.

“ನೋಡ್ದೇನಕ್ಕ, ನಿನ್ ಮಷೀನಿನ ಹಣೆಬರ!” ಎಂದ ತಮ್ಮ.

ಅಕ್ಕ ಚೀಟಿ ತೆಗೆದು ನೋಡಿದಳು. ನನ್ನನ್ನೂ ನೋಡಿದಳು. ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಮಷೀನಿಂದಲ್ಲ, ಅಳತೆ ತಪ್ಪೈತೆ. ನಾನೇ ಚೀಟಿ ತಪ್ಪಾಗಿ ಓದ್ಕೊಂಡಿದ್ದು.”

ಡೈರಿಯಲ್ಲಿ ‘ಕೆಟ್ಟದ್ದು: ಹನ್ನೊಂದು’ ಎಂದು ಬರೆದೆ. ಯಾರಿಂದ ಎಂದು ಬರೆಯಲಿಲ್ಲ. ಆ ಹನ್ನೊಂದರಲ್ಲಿ ಒಂದನ್ನು ಮನೆಗೆ ತಂದೆ.

ಅಕ್ಕ ಬ್ಲೇಡು ಕಿತ್ತು ಮತ್ತೆ ನೆಟ್ಟಳು. ಶನಿವಾರ ಮಧ್ಯಾಹ್ನಕ್ಕೆ ಇನ್ನೂರೂ ಮುಚ್ಚಿಕೊಂಡವು. ಗುಜರಿಯವನು ಬರಲಿಲ್ಲ. ಮುಂದೆ ಪೆಟ್ಟಿಗೆ ತರಲು ಹೋದಾಗಲೆಲ್ಲ ತಪ್ಪು ನನ್ನದೆಂದು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳಿದ್ದರೆ ನಮ್ಮ ಸಾಹುಕಾರರು ಬೈಯುತ್ತಿದ್ದರು, ಅಷ್ಟೇ. ಅಕ್ಕ ಚಹಾ ಕೊಟ್ಟು, “ಮತ್ತೇನಪ್ಪಾ?” ಎಂದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು... ನಾನು ಗಡಿಯಾರ ನೋಡಿ ಬಸ್ಸಿಗೆ ಏಳುತ್ತಿದ್ದೆ.

ಅವಳು ತೀರಿಕೊಂಡು ಎರಡು ವರ್ಷ. ಕಳೆದ ಭಾನುವಾರ ತಡೆಯಲಾರದೆ ಚಳ್ಳಕೆರೆ ಬಸ್ಸು ಹತ್ತಿದೆ. ತಮ್ಮನೇ ಯಂತ್ರ ತುಳಿಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ.

ಅವನು ಕಾಲು ನಿಲ್ಲಿಸಲಿಲ್ಲ. “ಗೊತ್ತೈತೆ ಬಿಡ್ರಿ. ಸಾಯೋ ಮುಂಚೆ ಅಕ್ಕ ಹೇಳಿದ್ಲು. ‘ನೀ ಕೇಳ್ಬೇಡ, ಅವ್ನೇ ಒಂದಿನ ಬಂದು ಹೇಳ್ತಾನೆ’ ಅಂದಿದ್ಲು.”

ಮನೆಗೆ ಬಂದು ಆ ಗುರುವಾರದ ಪುಟ ತೆರೆದು, ‘ಹನ್ನೊಂದು’ ಪಕ್ಕದಲ್ಲಿ ‘ನನ್ನಿಂದ’ ಎಂದು ಸೇರಿಸಿದೆ. ಚಹಾ ಲೋಟ ಕೊಟ್ಟು ಅವಳು ಎಷ್ಟು ಸಲ ಹಾಗೆ ಕಾದು ನಿಂತಿದ್ದಳೆಂದು ಎಣಿಸಲು ಹೋದೆ. ಪೆಟ್ಟಿಗೆ ತಂದ ದಿನಗಳೆಲ್ಲ ಡೈರಿಯಲ್ಲಿವೆ... ಅರ್ಧಕ್ಕೆ ಬಿಟ್ಟು ಮುಚ್ಚಳ ಹಾಕಿದೆ. ಮೂಲೆ ಮತ್ತೆ ಮೇಲೆದ್ದಿತು.