ನನ್ನ ಮೊದಲ ಕಥೆಯ ಕೊನೆ

ಹೊಲಿಯಲು ಕೊಟ್ಟಿದ್ದ ಸೀರೆಯ ಜಂಪರ್ ತರಲು ಹೋದಾಗ, ಬೈಲಹೊಂಗಲದ ನಮ್ಮ ಓಣಿಯ ಮಾಬೂಬಿ ಹೊಲಿಗೆ ಮಷೀನ್ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಅಕ್ಕಾರ, ಪೇಪರಿನ್ಯಾಗ ಬಂದ ನಿಮ್ಮ ಕಥಿಯೊಳಗ ಜಂಪರ್ ಹೊಲಿಯಾಕಿ ಮಗಳು ಸಾಯ್ತಾಳಂತಲ್ರಿ. ನನ್ನ ಮಗಳು ಇನ್ನೂ ಅದಾಳ್ರಿ."

ನಾನು ಮನೆಯಲ್ಲೇ ಕುಳಿತು, ಅಂಚೆಯಲ್ಲಿ ಬರುವ ಪಾಠಗಳಿಂದ ಕಥೆ ಬರೆಯುವುದನ್ನು ಕಲಿಯುತ್ತಿರುವವಳು. ಕಥೆಯ ಕೊನೆ ಓದುಗರ ಕಣ್ಣಲ್ಲಿ ನೀರು ತರಿಸಬೇಕು ಎಂದು ಒಂದು ಪಾಠದಲ್ಲಿತ್ತು. ವಾರವಾರವೂ ಡಯಾಲಿಸಿಸ್‌ಗೆ ಹೋಗಿಬರುವ ಮಾಬೂಬಿಯ ಮಗಳು ನೆನಪಾದಳು. ಅವಳ ಹೆಸರಷ್ಟೇ ಬದಲಿಸಿ ಕಥೆಗೆ ತಂದು, ಕೊನೆಯ ಸಾಲಿನಲ್ಲಿ ಸಾಯಿಸಿಬಿಟ್ಟೆ. ಮೊದಲ ಕಥೆಯೇ ಅಚ್ಚಾಯಿತೆಂಬ ಹಿಗ್ಗಿನಲ್ಲಿ ಓಣಿಗೆಲ್ಲ ಪೇಢೆ ಹಂಚಿದ್ದೆ. ಮಾಬೂಬಿಯ ಮನೆಗೂ ಕೊಟ್ಟಿದ್ದೆ.

ಮಾಬೂಬಿಗೆ ಓದು ಬಾರದು. ಕಥೆಯನ್ನು ಯಾರು ಓದಿ ಹೇಳಿದರು ಎಂದು ತಡವರಿಸುತ್ತ ಕೇಳಿದೆ.

"ಮತ್ತ್ಯಾರ್ರಿ? ಆಕಿನ, ನನ್ನ ಮಗಳು, ಓದಿ ಹೇಳಿದ್ಲು."

ಒಳಗೆ ಪಾತ್ರೆ ತೊಳೆಯುತ್ತಿದ್ದ ಸಪ್ಪಳ ನಿಂತಿತು. ಜಂಪರ್ ಹಿಡಿದುಕೊಂಡು ಹೊರಬಂದೆ.

ಅಂದೇ ಕುಳಿತು ಕೊನೆಯನ್ನು ತಿದ್ದಿ ಬರೆದೆ, ಹುಡುಗಿಯನ್ನು ಬದುಕಿಸಿದೆ. ಆದರೆ ಒಮ್ಮೆ ಪ್ರಕಟವಾದ ಕಥೆಯನ್ನು ಪತ್ರಿಕೆಯವರು ಮತ್ತೆ ಹಾಕುವುದಿಲ್ಲ. ಅಚ್ಚಿನಲ್ಲಿ ಅವಳು ಸತ್ತೇ ಹೋಗಿದ್ದಾಳೆ.