ನಕ್ಷೆಗೆ ಸೇರಿದ ಅಡುಗೆಕೋಣೆ

ಪಾಣೆಮಂಗಳೂರಿನ ಹೊಳೆಬದಿಯ ಓಣಿಗಳ ನಕ್ಷೆ ಬರೆದಾಗ ನಾನು ಬಂಟ್ವಾಳದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನೆರೆ ಬಂದಾಗ ಯಾವ ಮನೆಗೆ ಎಲ್ಲಿಂದ ಹೋಗಬೇಕೆಂದು ದೋಣಿಯವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಮನೆಮನೆಗೆ ಹೋಗಿ ಗುರುತಿಸಿ, ಎಲ್ಲವನ್ನೂ ಇಂಟರ್ನೆಟ್ಟಿನ ಮುಕ್ತ ನಕ್ಷೆಗೆ ಏರಿಸಿದೆ. ಅದರ ಲೈಸೆನ್ಸಿನ ಪ್ರಕಾರ ಆ ಮಾಹಿತಿಯನ್ನು ಯಾರು ಬೇಕಾದರೂ, ಯಾವ ಕೆಲಸಕ್ಕಾದರೂ ಬಳಸಬಹುದು. ಮುಖ್ಯ ಷರತ್ತು, ಮೂಲವನ್ನು ನಮೂದಿಸಬೇಕು.

ಮೂರು ಹೋಟೆಲುಗಳಿಗೆ ಅಕ್ಕಿರೊಟ್ಟಿ ಮಾಡಿಕೊಡುತ್ತಿದ್ದ ಖತೀಜಮ್ಮನ ಮನೆಯ ಹಿಂಭಾಗ ಉಪಗ್ರಹ ಚಿತ್ರದಲ್ಲಿ ತೆಂಗಿನ ಗರಿಗಳಡಿ ಮರೆಯಾಗಿತ್ತು. ಅವರು ನನ್ನ ಫೋನು ನೋಡಿ ಕೇಳಿದರು.

“ಇದೆಂಥ ಟೀಚರೇ, ನನ್ನ ಅಡುಗೆಕೋಣೆಯೇ ಇಲ್ಲ? ಎದುರಿನ ಓಣಿಯಲ್ಲಿ ದೋಣಿ ಹಿಡಿಯುವುದಿಲ್ಲ. ಹಿಂದಿನಿಂದಲೇ ಬರಬೇಕು. ಅದನ್ನು ಹಾಕಿ.”

ಟೇಪ್ ಬಿಚ್ಚಿ ಅಳೆದೆ. ಹೊಳೆಯ ಕಡೆಗೆ ಹನ್ನೊಂದು ಅಡಿ. ಆ ದಿನದ ಡೈರಿಯಲ್ಲಿ “ಒಪ್ಪಿಗೆ ಪಡೆದಿದೆ” ಎಂದಿದೆ. ಏನೆಂದು ಕೇಳಿ ಪಡೆದೆನೋ ನೆನಪಿಲ್ಲ. ಯಾರು ಬೇಕಾದರೂ ನೋಡಬಹುದು ಎಂದಿರಬೇಕು. ಬಳಸಬಹುದು ಎಂದೆನೇ?

ಮರುವರ್ಷ ಹೊಳೆಬದಿಯ ರಸ್ತೆಗೆ ಸರ್ವೆ ನಡೆಸಿದ ಖಾಸಗಿ ಸಂಸ್ಥೆಯೊಂದು ನಮ್ಮ ನಕ್ಷೆಯನ್ನೇ ತೆಗೆದುಕೊಂಡಿತು. ಪುರಸಭೆಯ ಹಳೆಯ ದಾಖಲೆಯಲ್ಲಿ ಇಲ್ಲದ ಆ ಅಡುಗೆಕೋಣೆ ಅದರಲ್ಲಿತ್ತು. ಅನಧಿಕೃತ, ಕೆಡವಬೇಕು ಎಂದು ಖತೀಜಮ್ಮನಿಗೆ ನೋಟಿಸ್ ಬಂತು. ನಾನು ಸಂಸ್ಥೆಯ ಎಂಜಿನಿಯರರ ಬಳಿ ಹೋದೆ.

“ಯಾರು ಬೇಕಾದ್ರೂ ಬಳಸಬಹುದು ಅಂತ ನೀವೇ ಕೊಟ್ಟದ್ದಲ್ವಾ ಮೇಡಂ? ಕೆಳಗೆ ಕ್ರೆಡಿಟ್ ಕೂಡ ಉಂಟು, ನೋಡಿ.”

ಇತ್ತು. ಷರತ್ತು ಚಾಚೂ ತಪ್ಪದೆ ಪಾಲನೆಯಾಗಿತ್ತು.

“ಆ ಸಾಲಿನಲ್ಲಿ ಇವರೊಬ್ಬರಿಗೇ ನೋಟಿಸ್ ಯಾಕೆ?” ಎಂದೆ.

“ಬೇರೆಯವರದ್ದೂ ಉಂಟಾ? ತೋರಿಸಿ, ಅದನ್ನೂ ಸೇರಿಸುವ.”

ಪಕ್ಕದ ಮೂರು ಮನೆಗಳ ಹಿಂದೆಯೂ ಅಂಥದೇ ಕೋಣೆಗಳಿದ್ದವು. ಆ ಮನೆಯವರು ನನ್ನನ್ನು ಒಳಗೆ ಬಿಟ್ಟಿರಲಿಲ್ಲ, ಹಾಗಾಗಿ ನಾನು ಬರೆದಿರಲಿಲ್ಲ. ತೋರಿಸದೆ ಎದ್ದುಬಂದೆ.

ನಮ್ಮ ನಕ್ಷೆಯಿಂದ ಕೋಣೆಯನ್ನು ಅಳಿಸಿ ನೋಡಿದೆ. ಅವರ ಪ್ರತಿಯಲ್ಲಿ ಅದು ಹಾಗೆಯೇ ಉಳಿಯಿತು. ಜೆಸಿಬಿ ಬಂದ ದಿನ ಖತೀಜಮ್ಮ ರೊಟ್ಟಿಯ ಕಾವಲಿಯನ್ನು ಜಗಲಿಯಲ್ಲಿಟ್ಟುಕೊಂಡು ಕೂತಿದ್ದರು. ಮೂರೂ ಹೋಟೆಲಿನವರು ಆಗಲೇ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದರು.

“ಈಗ ನಿಮ್ಮ ಮ್ಯಾಪ್ ಸರಿ ಉಂಟಾ ಟೀಚರೇ?” ಎಂದು ಕೇಳಿದರು.

“ಸರಿ ಉಂಟು” ಎಂದೆ. ಸರಿಯಾಗಿಯೇ ಇತ್ತು: ಕೋಣೆ ನಕ್ಷೆಯಲ್ಲೂ ಇರಲಿಲ್ಲ, ನೆಲದ ಮೇಲೂ ಇರಲಿಲ್ಲ.

ಈಗ ನಕ್ಷೆ ಕಲಿಯಲು ಬಂದವರಿಗೆ ಹೇಳುತ್ತೇನೆ: ಇದನ್ನು ನಿಮ್ಮ ಮನೆ ಕೆಡವಲು ಬರುವವರೂ ತೆಗೆದುಕೊಳ್ಳಬಹುದು ಎಂದು ಮನೆಯವರಿಗೆ ಮೊದಲು ತಿಳಿಸಿ, ಆಮೇಲೆ ಟೇಪ್ ಬಿಚ್ಚಿ. ಖತೀಜಮ್ಮನ ಬಳಿ ಈ ಮಾತು ಆಡಲು ನನಗೆ ಇನ್ನೂ ಬಾಯಿ ಬಂದಿಲ್ಲ.